ಜಾಕಿ ಬೇಡ ಅಪ್ಪ: ಬಿಲ್ಲಿಗೆ ಪ್ರೆಸ್ ಹುಡುಕಿದ ಕಥೆ

ಹುಳು ಮೂರನೇ ಜ್ವರ ಎದ್ದ ದಿನ. ಸೊಪ್ಪು ಹಾಕಿ ಹೊರಗೆ ಬಂದ್ರೆ ಮಗಳು ಜಗಲಿ ಮೇಲೆ ಕಾಂಪೌಂಡ್ ಬಿಲ್ಲು ತೊಡೆ ಮೇಲಿಟ್ಕೊಂಡು ಮುಖ ಸಪ್ಪಗೆ ಮಾಡ್ಕೊಂಡು ಕೂತಿದ್ಲು. ಮೇಲಿನ ಕ್ಯಾಮ್ ಹತ್ರ ಹೆದೆಗೆ ಸುತ್ತಿರೋ ನೂಲು ಬಿಚ್ಕೊಂಡು, ಒಳಗಿನ ಎರಡು ಎಳೆ ಕಿತ್ತಿತ್ತು. ಕೋಚ್‌ಗೆ ಫೋಟೋ ಕಳಿಸಿದ್ದಕ್ಕೆ, ಹೆದೆ ಬದಲಾಯಿಸೋವರೆಗೂ ಒಂದು ಬಾಣನೂ ಬಿಡಬೇಡ ಅಂದ್ರು. ಆಯ್ಕೆ ಸ್ಪರ್ಧೆಗೆ ಉಳಿದಿದ್ದು ಮೂರೇ ವಾರ.

ಊರಲ್ಲಿ ಈ ಬಿಲ್ಲು ನೋಡಿದೋರೆಲ್ಲ ಕೇಳೋದು ಒಂದೇ, 'ಕಾಡುಹಂದಿಗೆ ಬಿಡಬಹುದಾ?' ಬಿಡಂಗಿಲ್ಲ ಕಣ್ರಪ್ಪಾ, 1972ರ ವನ್ಯಜೀವಿ ಕಾಯ್ದೆ ಇದೆ. ಇದು 50 ಮೀಟರ್ ದೂರದ ಗುರಿ ಹಾಳೆಗೆ ಹೊಡೆಯೋ ಆಟದ ಬಿಲ್ಲು. 2023ರಲ್ಲಿ ಸತಾರಾದ ಅದಿತಿ ಸ್ವಾಮಿ ಅನ್ನೋ ಹುಡುಗಿ 17ನೇ ವಯಸ್ಸಿಗೇ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಇದೇ ತರದ ಬಿಲ್ಲಲ್ಲಿ. ನಮ್ಮನೇಲಿ ಈ ಹುಚ್ಚು ಹತ್ತಿದ್ದೂ ಆಗಲೇ.

ಮಾಮೂಲಿ ಬಿಲ್ಲಾದ್ರೆ ಬಗ್ಗಿಸಿ ಹೆದೆ ತೆಗೀಬಹುದು. ಇದರಲ್ಲಿ ಆಗಲ್ಲ. ಸುಮ್ನೆ ಗೋಡೆಗೆ ನೇತಾಕಿದ್ರೂ ಎರಡು ಲಿಂಬೂ ಬಿಗಿದ ಸ್ಪ್ರಿಂಗ್ ಹಂಗೇ ಇರ್ತವೆ. ಸ್ಪರ್ಧೆ ನಿಯಮದಲ್ಲಿ ಎಳೆತ 60 ಪೌಂಡ್, ಅಂದ್ರೆ ಸುಮಾರು 27 ಕೆಜಿ ಮೀರಂಗಿಲ್ಲ. ಆದ್ರೆ ಹೆದೆ, ಕೇಬಲ್ ಮೇಲೆ ಬೀಳೋ ಬಿಗಿತ ಅದಕ್ಕಿಂತ ಬಹಳ ಜಾಸ್ತಿ. ಲಿಂಬ್‌ಗಳನ್ನ ಒಳಕ್ಕೆ ಒತ್ತಿ ಹಿಡಿದ್ರೆ ಮಾತ್ರ ಹೆದೆ ಸಡಿಲ ಆಗುತ್ತೆ. ಆ ಒತ್ತೋ ಯಂತ್ರನೇ ಬೋ ಪ್ರೆಸ್.

ನನ್ನ ಬುದ್ಧಿ ಎಲ್ಲಿಗೆ ಓಡಿರಬೇಕು ಹೇಳಿ? ಟ್ರೇಲರ್‌ನ ಸ್ಕ್ರೂ ಜಾಕಿ! ಎರಡು ಆಂಗಲ್, ಒಂದು ಜಾಕಿ, ಚನ್ನಪಟ್ಟಣದಲ್ಲಿ ಅರ್ಧ ದಿನ ವೆಲ್ಡಿಂಗ್, ಮುಗೀತು ಅಂದ್ಕೊಂಡೆ. ಕಾಗದದ ಮೇಲೆ ಗೀಚಿ ತೋರಿಸಿದೆ. 'ಅಪ್ಪ, ಜಾಕಿ ಬೇಡ' ಅಂದ್ಲು. ನಾನೂ ಬಿಡಲಿಲ್ಲ, ಬೈಕ್ ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನೇ ಮನೇಲಿ ಬಿಚ್ಚಿದೋನು ನಾನು ಅಂದೆ. ಅವಳು ಬಿಲ್ಲು ಅಡ್ಡ ಹಿಡಿದು ತೋರಿಸಿದ್ಲು. ಹಳೇ ಕಾಂಪೌಂಡ್ ಬಿಲ್ಲುಗಳ ಲಿಂಬ್ ಕಮಾನಿನ ಹಂಗೆ ಓರೆಯಾಗಿ ನಿಂತಿರ್ತಿದ್ವು. ಮಧ್ಯಕ್ಕೆ ರೋಲರ್ ಕೊಟ್ಟು ಬಗ್ಗಿಸಿದ್ರೂ ನಡೀತಿತ್ತು. ಈಗಿನವು ಹೆಚ್ಚುಕಮ್ಮಿ ಒಂದಕ್ಕೊಂದು ಸಮಾನಾಂತರ ಮಲಗಿರ್ತವೆ. ಅಂಥವನ್ನ ಮಧ್ಯದಲ್ಲಿ ಒತ್ತಿದ್ರೆ ಬಲ ಬೀಳಬಾರದ ಕಡೆ ಬೀಳುತ್ತೆ. ನಾರು-ಅಂಟಿನ ಪಟ್ಟಿ ಅದು, ಕಬ್ಬಿಣದ ಹಂಗೆ ಬಾಗಿ ಸೂಚನೆ ಕೊಡಲ್ಲ. ಒಳಗೇ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತೆ, ಗೊತ್ತಾಗೋದು ಆಮೇಲೆ, ಅದೂ ಬಿಲ್ಲು ಪೂರ್ತಿ ಎಳೆದು ದವಡೆ ಹತ್ರ ಹಿಡಿದಾಗ. ಯಾರ ದವಡೆ ಅಂತ ಯೋಚನೆ ಬಂದ್ಮೇಲೆ ನಾನು ಆ ಕಾಗದ ಮಡಚಿಟ್ಟೆ.

ಬೆಂಗಳೂರಿಗೆ ಹೋಗಿ ಮಾಡಿಸ್ಕೊಂಡು ಬರಬಹುದಿತ್ತು. ಆದ್ರೆ ಒಂದು ಸಲಕ್ಕೆ ಮುಗಿಯಲ್ಲ. ಹೊಸ ಹೆದೆ ಹೊಡೀತಾ ಹೊಡೀತಾ ಸ್ವಲ್ಪ ಜಗ್ಗುತ್ತೆ, ಕಣ್ಣಿಟ್ಟು ನೋಡೋ ಪೀಪ್ ತಿರುಗುತ್ತೆ, ಮೇಲಿನ ಕ್ಯಾಮ್ ಒಂದು ಗಳಿಗೆ, ಕೆಳಗಿನದು ಒಂದು ಗಳಿಗೆ ನಿಲ್ಲುತ್ತೆ. ಕೇಬಲ್‌ಗೆ ಅರ್ಧ ಸುತ್ತು ತಿರುವು ಹಾಕಬೇಕಾದ್ರೂ ಪ್ರೆಸ್ಸೇ ಬೇಕು. ಪ್ರತಿ ಸಲ ಹುಳು ಬಿಟ್ಟು ಬಸ್ ಹತ್ತೋದು ಯಾರು?

ಕೊನೆಗೆ ಎರಡು ಥರದ್ದು ಮುಂದಿದ್ವು. ಒಂದು ತಂತಿ-ಕೊಕ್ಕೆಯ ಕೈಪ್ರೆಸ್. ಬ್ಯಾಗಲ್ಲಿ ಹಿಡಿಸುತ್ತೆ, ಬೆಲೆ ಕಮ್ಮಿ, ಸ್ಪರ್ಧೆಗೆ ಹೋದಾಗ ಆಪತ್ತಿಗೆ ಆಗುತ್ತೆ. ಆದ್ರೆ ಬಿಲ್ಲನ್ನ ತೊಡೆ ಮೇಲೆ ಇಟ್ಕೊಂಡೇ ತಿರುಗಿಸಬೇಕು. ಕೊಕ್ಕೆ ಕೂತಿದೆಯೋ ಇಲ್ವೋ ಅನ್ನೋ ಅನುಮಾನದಲ್ಲಿ ಕೈ ನಡುಗೋದು ನನಗೆ ಸರಿ ಹೋಗಲಿಲ್ಲ. ಇನ್ನೊಂದು ಮೇಜಿಗೆ ಬೋಲ್ಟ್ ಹಾಕಿ ಕೂರಿಸೋದು. ಎರಡೂ ಕಡೆ ಬೆರಳಿನ ಹಂಗೆ ರಬ್ಬರ್ ಹೊದಿಸಿದ ಕೊಕ್ಕೆ, ಅವು ಲಿಂಬ್‌ನ ತುದಿಯನ್ನೇ ಹಿಡಿದು ನಿಧಾನಕ್ಕೆ ಒಳಗೆ ತರ್ತವೆ. ನಾವು ತಗೊಂಡಿದ್ದು ಇದು. ಒಂದು ಬೆಳೆ ಗೂಡಿನ ದುಡ್ಡಲ್ಲಿ ದೊಡ್ಡ ಪಾಲೇ ಹೋಯ್ತು, ಸುಳ್ಳು ಹೇಳಲ್ಲ.

ತಗೊಳ್ಳೋ ಮುಂಚೆ ಟೇಪ್ ಹಿಡಿದೆ. ನಮ್ಮ ಬಿಲ್ಲು ಆಕ್ಸಲ್‌ನಿಂದ ಆಕ್ಸಲ್‌ಗೆ 38 ಇಂಚು. ಕೆಲವು ಪ್ರೆಸ್ ಗಿಡ್ಡ ಬಿಲ್ಲಿಗೆ ಮಾತ್ರ ಹಿಗ್ಗುತ್ತವೆ. ನಮ್ಮ ಲಿಂಬ್ ಸೀಳು ಜೋಡಿ, ಒಂದೇ ಹಲಗೆ ಅಲ್ಲ. ಬೆರಳು ಎರಡು ಪಟ್ಟಿಗೂ ಸಮ ಕೂರಬೇಕು, ಕ್ಯಾಮ್‌ಗೆ ತಾಗಬಾರದು. ತಿರುಗಿಸೋ ಹಿಡಿ ಕೈ ಬಿಟ್ರೂ ಹಿಂದಕ್ಕೆ ಓಡದಂಗೆ ಸ್ಕ್ರೂ ಇರೋದನ್ನೇ ಆರಿಸಿದೆ. ಬಿಲ್ಲಿನ ಕಂಪನಿ ಮ್ಯಾನ್ಯುಯಲ್‌ನಲ್ಲಿ ಎಂಥ ಪ್ರೆಸ್ ಆಗುತ್ತೆ, ಲಿಂಬ್ ಬೋಲ್ಟ್ ಮೊದಲು ಎಷ್ಟು ಸುತ್ತು ಸಡಿಲ ಮಾಡಬೇಕು ಅಂತ ಬರೆದಿರ್ತಾರೆ. ಎರಡೂ ಕಡೆ ಎಣಿಸಿ ಸಮ ಸಡಿಲಿಸಿ. ಇದು ಓದದೆ ಯಾರೂ ಕೈ ಹಾಕ್ಬೇಡಿ.

ಹಳೇ ಹಲಸಿನ ಹಲಗೆ ಮೇಲೆ ಕೂರಿಸಿ ಭಾನುವಾರ ಮಾಡಿದ್ವಿ. ಹೆದೆ ಸಡಿಲ ಆಗೋಷ್ಟು ಮಾತ್ರ ಒತ್ತಿದೆ, ಒಂದು ಸುತ್ತೂ ಜಾಸ್ತಿ ಇಲ್ಲ. ಬಿಚ್ಚೋ ಮುಂಚೆ ಅವಳು ನಾಲ್ಕು ಕಡೆಯಿಂದ ಫೋಟೋ ತೆಗೆದಿದ್ಲು, ಕೇಬಲ್ ಯಾವುದರ ಮೇಲೆ ಯಾವುದು ಅಂತ. ಆ ಫೋಟೋ ಇಲ್ದೇ ಹೋಗಿದ್ರೆ ಸಂಜೆವರೆಗೂ ಕೂತಿರ್ತಿದ್ವಿ. ಆಮೇಲೆ ಅಳತೆ ಮತ್ತೆ ನೋಡಿದ್ರೆ ಆಕ್ಸಲ್ ಅಂತರ ಸರಿ, ಹೆದೆಯಿಂದ ಹಿಡಿಗೆ ಕಾಲು ಇಂಚು ವ್ಯತ್ಯಾಸ. ಮತ್ತೆ ಒತ್ತಿ ತಿರುವು ಹಾಕಿದ್ವಿ. ಮೂರನೇ ಸಲಕ್ಕೆ ಕೂತಿತು. ಕೋಚ್ ಕೈಗೆ ಕೊಟ್ಟು ನೋಡಿಸಿದ ಮೇಲೇ ಮೊದಲ ಬಾಣ.

ನಿಮ್ಮ ಮಕ್ಕಳದ್ದೂ ಬಿಲ್ಲಿದ್ರೆ ತನ್ನಿ, ಮ್ಯಾನ್ಯುಯಲ್ ಜೊತೆಗೇ ತನ್ನಿ. ನಮ್ಮ ಪ್ರೆಸ್‌ಗೆ ಹೊಂದುತ್ತೋ ಇಲ್ವೋ ನೋಡಿ ಹೇಳ್ತೀವಿ. ಬೆಳಿಗ್ಗೆ ಬೇಡ, ಹುಳ ಹಣ್ಣಾಗಿದೆ, ಚಂದ್ರಿಕೆಗೆ ಬಿಡೋ ಗಲಾಟೆ ಇದೆ.