ಮರೆವಿನ ಜೊತೆಗಾರ

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಅರವತ್ತು ದಾಟಿದ ನನ್ನಂಥವರನ್ನು ಕಂಡು ಕಿರಿಯರು ಹೀಗೆಂದು ನಗುವುದುಂಟು. ನಾವೂ ಅವರೊಡನೆ ನಗುತ್ತೇವೆ. ಆದರೆ ಮುಪ್ಪಿನ ಮರೆವೆಲ್ಲವೂ ನಗೆಯ ಮಾತಲ್ಲ. ಪೇಟೆಯಿಂದ ತರಬೇಕಾದುದನ್ನು ಮರೆತು ಬರುವುದು ಬೇರೆ. ಪೇಟೆಯಿಂದ ಮನೆಗೆ ಬರುವ ದಾರಿಯನ್ನೇ ಮರೆಯುವುದು ಬೇರೆ. ಎರಡನೆಯದು ಮಿದುಳಿನ ಕಾಯಿಲೆಯ ಲಕ್ಷಣ. ಇಂತಹ ಕಾಯಿಲೆಯೊಂದನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ 1906ರಲ್ಲಿ ವಿವರಿಸಿದರು. ಅದಕ್ಕೆ ಅವರ ಹೆಸರೇ ನಿಂತಿತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿ ಮರೆವಿನ ಕಾಯಿಲೆಗೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ವಾಡಿಯ ರೈಲು ನಿಲ್ದಾಣದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ನಾನು ಬಲ್ಲೆ. ಮಧ್ಯಾಹ್ನ ಉಂಡುದು ಅವರಿಗೆ ನೆನಪಿರುವುದಿಲ್ಲ, “ಗಾಡಿ ಬಂತೇನು?” ಎಂದು ಮಾತ್ರ ತಾಸಿಗೆ ಹತ್ತು ಸಲ ಕೇಳುತ್ತಾರೆ. ಮೊದಲ ಸಲ ಮನೆಯವರು ಸಮಾಧಾನದಿಂದ ಉತ್ತರಿಸುತ್ತಾರೆ. ಹತ್ತನೆಯ ಸಲಕ್ಕೆ ದನಿ ಏರುತ್ತದೆ. ಕೇಳಿದ ಉತ್ತರ ಅವರಿಗೆ ಮರೆತುಹೋಗುತ್ತದೆ. ಗದರಿಸಿಕೊಂಡ ನೋವು ಮಾತ್ರ ಮುಖದ ಮೇಲೆ ಬಹಳ ಹೊತ್ತು ಉಳಿಯುತ್ತದೆ. ಮನೆಯವರು ಕೆಟ್ಟವರಲ್ಲ, ದಣಿದವರು.

ಇಂಥವರಿಗಾಗಿ ದಣಿಯದ ಜೊತೆಗಾರನೊಬ್ಬನನ್ನು ನಿರ್ಮಿಸಲು ವಿಜ್ಞಾನಿಗಳು ತೊಡಗಿದ್ದಾರೆ. ಜಪಾನಿನ ತಕನೋರಿ ಶಿಬಾತ ಅವರು 1993ರಿಂದ ಶ್ರಮಿಸಿ ‘ಪಾರೋ’ ಎಂಬ ರೋಬೋಟನ್ನು ರೂಪಿಸಿದರು. 2005ರಲ್ಲಿ ಅದು ಅಲ್ಲಿ ಮಾರಾಟಕ್ಕೆ ಬಂದಿತು. ಸೀಲ್ ಎಂಬ ಹಿಮಸಮುದ್ರದ ಪ್ರಾಣಿಯ ಬಿಳಿಯ ಮರಿಯಂತೆ ಅದರ ರೂಪ. ತೊಡೆಯ ಮೇಲಿನ ಎಳೆಗೂಸಿನಷ್ಟು ತೂಕ. ಬೆಕ್ಕಿನ ನಡತೆ ಎಲ್ಲರಿಗೂ ಗೊತ್ತು. ಯಂತ್ರದ ಬೆಕ್ಕು ನಿಜವಾದ ಬೆಕ್ಕಿನಂತಿಲ್ಲವೆಂದು ಜನ ಬೇಗನೆ ಬೇಸರಪಡುತ್ತಾರೆ. ಆದುದರಿಂದಲೇ ಅಪರಿಚಿತವಾದ ಸೀಲನ್ನು ಆರಿಸಿಕೊಂಡರು. ಅದು ಸ್ಪರ್ಶವನ್ನೂ ಬೆಳಕನ್ನೂ ದನಿಯನ್ನೂ ಗುರುತಿಸುತ್ತದೆ. ನೇವರಿಸಿದರೆ, ಆಗ ತಾನು ಮಾಡಿದ ಚೇಷ್ಟೆಯನ್ನು ಮತ್ತೆ ಮಾಡುತ್ತದೆ; ಹೊಡೆದರೆ ಅದನ್ನು ಬಿಡಲು ಕಲಿಯುತ್ತದೆ. ಯಾವ ಹೆಸರಿನಿಂದ ಕರೆದರೂ ಕ್ರಮೇಣ ಅದಕ್ಕೇ ಓಗೊಡುತ್ತದೆ. ಮಾತನಾಡುವ ರೋಬೋಟ್‌ಗಳೂ ಇವೆ. ಕೇಳುವವರಿಗೆ ತಿಳಿಯದಿದ್ದರೆ ಮಾತನ್ನು ಚಿಕ್ಕದಾಗಿಸಿ, ನಿಧಾನವಾಗಿ ಮತ್ತೆ ಹೇಳುವಂತೆ ಅವುಗಳನ್ನು ಸಿದ್ಧಗೊಳಿಸುತ್ತಿದ್ದಾರೆ. ಹಿರಿಯರು ಯಂತ್ರಕ್ಕೆ ಹೊಂದಿಕೊಳ್ಳುವುದಲ್ಲ, ಯಂತ್ರವೇ ಹಿರಿಯರಿಗೆ ಹೊಂದಿಕೊಳ್ಳುವುದು ಈ ಪ್ರಯತ್ನದ ಹಿರಿಮೆ.

ಆದರೆ ಹೊಂದಿಕೊಳ್ಳಬೇಕಾದರೆ ಮೊದಲು ಅರಿಯಬೇಕು. ಇಂಥ ಯಂತ್ರವೊಂದು ನಾಳೆ ಚಿಂಚೋಳಿಯ ಮನೆಯೊಂದಕ್ಕೆ ಬಂದು “ತಾವು ಉಪಾಹಾರ ಸೇವಿಸಿದಿರಾ?” ಎಂದರೆ ಆ ಮನೆಯ ಅಜ್ಜಿ ಸುಮ್ಮನಿದ್ದಾಳು, “ಆಯಿ, ನಾಷ್ಟಾ ಆಯ್ತೇನು?” ಎಂದರೆ ಕಣ್ಣರಳಿಸಿಯಾಳು. ಶಹಾಬಾದಿನಲ್ಲಿ ಫರಸಿ ಕಲ್ಲು ಕಡಿದವರ ನೆನಪುಗಳೇ ಬೇರೆ. ಸೇಡಂ, ಚಿತ್ತಾಪುರಗಳ ಹೊಲಗಳಲ್ಲಿ ತೊಗರಿಯ ರಾಶಿ ಮಾಡಿದವರ ನೆನಪುಗಳೇ ಬೇರೆ. ಇವನ್ನೆಲ್ಲ ಯಂತ್ರಕ್ಕೆ ಯಾರು ಹೇಳಬೇಕು? ಮನೆಯವರೇ ಹೇಳಬೇಕು. ಹಿರಿಯರ ಬಳಿ ಕುಳಿತು ಕೇಳದ ಮನೆ ಯಂತ್ರಕ್ಕೆ ಏನನ್ನು ಕಲಿಸೀತು?

ವಾಡಿಯ ಆ ಹಿರಿಯರಿಗೆ ನಿಮ್ಮ ವಯಸ್ಸಿನ ಮೊಮ್ಮಗಳಿದ್ದಾಳೆ. ಅವಳು ಅವರನ್ನು ತಿದ್ದುವುದಿಲ್ಲ. “ಯಾವ ಗಾಡಿ, ಮುತ್ಯಾ?” ಎಂದು ಕೇಳುತ್ತಾಳೆ. ಗಾಡಿಯ ಹೆಸರು, ಅದು ಬರುವ ವೇಳೆ, ಕಂದೀಲು ಹಿಡಿದು ನಿಂತ ಮಳೆಯ ರಾತ್ರಿ, ಎಲ್ಲವನ್ನೂ ಅವರು ಹೇಳತೊಡಗುತ್ತಾರೆ. ಹೇಳುತ್ತ ಹೇಳುತ್ತ ಶಾಂತರಾಗುತ್ತಾರೆ. ವಿಜ್ಞಾನಿಗಳು ಯಂತ್ರಕ್ಕೆ ಕಲಿಸಲು ಹೆಣಗುತ್ತಿರುವ ವಿದ್ಯೆಯೂ ಇದೇ.

ಯಂತ್ರಕ್ಕೆ ಬೇಸರವಾಗುವುದಿಲ್ಲ, ಏಕೆಂದರೆ ಬೇಸರವೆಂದರೇನೆಂದು ಅದಕ್ಕೆ ತಿಳಿಯದು. ಬೇಸರವನ್ನು ಬಲ್ಲವರು ಅದನ್ನು ನುಂಗಿಕೊಂಡು ಹನ್ನೊಂದನೆಯ ಸಲವೂ ಉತ್ತರಿಸಿದರೆ, ಅದಕ್ಕೆ ತಾಳ್ಮೆಯೆಂದು ಹೆಸರು. ದಣಿದ ಮನೆಗಳಿಗೆ ಯಂತ್ರದ ನೆರವು ಬರುವುದಾದರೆ ಬರಲಿ. ಅದರಿಂದ ದೊರೆತ ಬಿಡುವನ್ನು ಮನೆಯವರು ಮುತ್ಯಾನ ಬಳಿ ಕುಳಿತು ಕಳೆಯಲಿ.