ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೊನ್ನೆ ಶನಿವಾರ ಟಿವಿ ನೋಡ್ತಾ ಕೂತಿದ್ದೆ. ಆರು ತಿಂಗಳಿಗೆ ಅಂತ ಊರಿಂದ ಬಂದಿರೋ ಅಪ್ಪ ಸೋಫಾದ ಇನ್ನೊಂದು ತುದಿಯಲ್ಲಿದ್ದರು. ಟಿವಿಯಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿನ ಹುಡುಗರು ಒಬ್ಬೊಬ್ಬರಾಗಿ ಬಂದು ಓಡೋದು, ಎಗರೋದು, ಚೆಂಡು ಎಸೆಯೋದು. ಸುತ್ತಲೂ ಇದ್ದವರು ಸ್ಟಾಪ್‌ವಾಚ್ ನೋಡಿ ಬರ್ಕೊಳ್ಳೋದು. ಅರ್ಧ ಗಂಟೆ ಆದಮೇಲೆ ಅಪ್ಪ ಕೇಳಿದರು, "ಮ್ಯಾಚ್ ಯಾವಾಗ ಶುರುವಾಗತ್ತೋ?"

"ಮ್ಯಾಚ್ ಇಲ್ಲಪ್ಪ. ಇದು ಇಂಟರ್‌ವ್ಯೂ."

ಸುಳ್ಳೇನಲ್ಲ. ಅಮೆರಿಕನ್ ಫುಟ್ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಪ್ರತಿ ಏಪ್ರಿಲ್‌ನಲ್ಲಿ ಇವು ಸರದಿ ಪ್ರಕಾರ ಕಾಲೇಜು ಆಟಗಾರರನ್ನು ಆರಿಸ್ಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಅಂತ ಹೆಸರು. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನೆಲ್ಲ ಸೇರಿಸಿ ಪರೀಕ್ಷೆ ಮಾಡ್ತಾರೆ. ಅದು ಕಂಬೈನ್. ಎಲ್ಲರಿಗಿಂತ ಹೆಚ್ಚು ಪರೀಕ್ಷೆ ಕ್ವಾರ್ಟರ್‌ಬ್ಯಾಕ್‌ಗೆ, ಯಾಕಂದ್ರೆ ತಂಡದ ಹಣೆಬರಹ ಇರೋದು ಅವನ ಕೈಯಲ್ಲಿ. ಆ ಕೈಯನ್ನೂ ಅಳೀತಾರೆ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ. 2020ರಲ್ಲಿ ಜೋ ಬರೋ ಅನ್ನೋ ಹುಡುಗನ ಕೈ 9 ಇಂಚು ಬಂತು, ಚಿಕ್ಕದಾಯ್ತು ಅಂತ ಅದೇ ದೊಡ್ಡ ಸುದ್ದಿ. ಇಷ್ಟು ಪುಟ್ಟ ಕೈಯಿಂದ ಚೆಂಡು ಜಾರತ್ತಲ್ಲ, ನಿವೃತ್ತಿ ಬಗ್ಗೆ ಯೋಚಿಸ್ತಿದೀನಿ ಅಂತ ಅವನೇ ತಮಾಷೆ ಮಾಡಿದ. ಆ ವರ್ಷ ಮೊದಲು ಆಯ್ಕೆಯಾದವನು ಅವನೇ. ಎರಡನೇ ಸೀಸನ್‌ಗೆ ಸಿನ್ಸಿನಾಟಿ ತಂಡವನ್ನ ಸೂಪರ್ ಬೌಲ್‌ವರೆಗೆ ಕರ್ಕೊಂಡು ಹೋದ.

ಇದನ್ನೆಲ್ಲ ಹೇಳಿದ್ದಕ್ಕೆ ಅಪ್ಪ ನಕ್ಕರು. "ಘಾಟಿ ಜಾತ್ರೇಲಿ ಎತ್ತಿನ ಹಲ್ಲು ನೋಡ್ದಂಗಾಯ್ತು ಬಿಡು. ಹಲ್ಲು ನೋಡಿದ್ರೆ ವಯಸ್ಸು ತಿಳಿಯತ್ತೆ. ನೊಗ ಹಾಕಿದ್ಮೇಲೆ ನಡಿಯತ್ತೋ ಮಲಗತ್ತೋ, ಅದು ತಿಳಿಯಲ್ಲ."

ನಾನೂ ನಕ್ಕೆ, ಆದರೆ ಪೂರ್ತಿ ನಗೋಕಾಗಲಿಲ್ಲ. ತೊಡೆ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದಿತ್ತು. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಆರು ಜನ ಕಾಲೇಜು ಮಕ್ಕಳು, ಎರಡು ಸೀಟು. ಸೋಮವಾರದೊಳಗೆ ನಾನು ಹೆಸರು ಕೊಡಬೇಕಿತ್ತು.

ಕ್ವಾರ್ಟರ್‌ಬ್ಯಾಕ್‌ನ ಅಳೆಯೋದು ಯಾಕೆ ಕಷ್ಟ ಗೊತ್ತಾ? ಚೆಂಡು ಕೈಗೆ ಬಂದಮೇಲೆ ಅವನಿಗೆ ಸಿಗೋದು ಎರಡೂವರೆ, ಮೂರು ಸೆಕೆಂಡು. ನೂರಿಪ್ಪತ್ತು ಕೆಜಿ ಆಸಾಮಿಗಳು ಅವನನ್ನ ಕೆಡವೋಕೆ ನುಗ್ಗಿ ಬರ್ತಿರ್ತಾರೆ. ಅವರ ಮೇಲೆ ಕಣ್ಣಿಟ್ಟರೆ ಕೆಲಸ ಕೆಟ್ಟಿತು. ದೂರದಲ್ಲಿ ಓಡ್ತಿರೋ ತನ್ನವರಲ್ಲಿ ಇನ್ನೊಂದು ಕ್ಷಣಕ್ಕೆ ಯಾರು ಎದುರಾಳಿಯಿಂದ ಬಿಡಿಸಿಕೊಳ್ತಾರೆ ಅಂತ ಊಹಿಸಿ, ಅವರಿನ್ನೂ ತಲುಪದ ಜಾಗಕ್ಕೆ ಚೆಂಡು ಎಸೀಬೇಕು. ಕಂಬೈನ್‌ನಲ್ಲಿ ಎಸೆಯುವಾಗ ಎದುರಿಗೆ ಯಾರೂ ಇರೋದಿಲ್ಲ. ಕಾಲೇಜು ಮ್ಯಾಚಿನ ವಿಡಿಯೋ ನೋಡೋಣ ಅಂದ್ರೆ, ಚೆನ್ನಾಗಿ ಆಡಿದ್ದು ಹುಡುಗನೋ ಅಥವಾ ಅವನ ಸುತ್ತ ಇದ್ದ ತಂಡವೋ ಅನ್ನೋ ಅನುಮಾನ. ಅಳೆಯೋಕಾಗೋದನ್ನೆಲ್ಲ ಅಳೆದಮೇಲೂ ನಿಜವಾಗಿ ಬೇಕಾದ್ದು ಹೊರಗೇ ಉಳಿದಿರುತ್ತೆ.

ನಾವಿರೋದು ಸಾಂಟಾ ಕ್ಲಾರಾದಲ್ಲಿ. ಇಲ್ಲಿನ ಫಾರ್ಟಿನೈನರ್ಸ್ ತಂಡದ ಕಥೆಯನ್ನೇ ನೋಡಿ. 2021ರಲ್ಲಿ ಅವರು ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನ ಬಿಟ್ಟುಕೊಟ್ಟು ಮೂರನೇ ಸ್ಥಾನಕ್ಕೆ ಏರಿ, ಟ್ರೇ ಲ್ಯಾನ್ಸ್ ಅನ್ನೋ ಹುಡುಗನನ್ನ ತಗೊಂಡರು. ವಯಸ್ಸು 20, ಒಳ್ಳೆ ಎತ್ತರ, ಓಟ, ತೋಳಲ್ಲಿ ಬಲ. ಕಾಲೇಜಿನಲ್ಲಿ ಅವನು ಪೂರ್ತಿ ಆಡಿದ್ದು 2019ರ ಒಂದೇ ಸೀಸನ್, ಅದರಲ್ಲಿ 28 ಟಚ್‌ಡೌನ್ ಪಾಸ್. ಎದುರಾಳಿ ಕೈಗೆ ಹೋದ ಚೆಂಡು ಒಂದೂ ಇಲ್ಲ. ಮರುವರ್ಷ ಕೋವಿಡ್, ಒಂದೇ ಮ್ಯಾಚ್.

2022ರ ಡ್ರಾಫ್ಟ್‌ನಲ್ಲಿ ಅದೇ ತಂಡ, ಅದೇ ಕೋಚ್ ಕೈಲ್ ಶಾನಹಾನ್, ಅದೇ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಸೇರಿ ಬ್ರಾಕ್ ಪರ್ಡಿಯನ್ನ ತಗೊಂಡರು. 262ನೇ ಹೆಸರು, ಇಡೀ ಡ್ರಾಫ್ಟ್‌ಗೆ ಕೊನೆಯದು. ಕೊನೆಯವನಿಗೆ ಇಲ್ಲಿ 'ಮಿಸ್ಟರ್ ಇರ್ರೆಲೆವೆಂಟ್' ಅಂತ ತಮಾಷೆಯ ಬಿರುದು ಕೊಡ್ತಾರೆ. ಚಿಕ್ಕವರಿದ್ದಾಗ ಅಕ್ಕನ ಆಟಕ್ಕೆ ನನ್ನನ್ನ ಸೇರಿಸ್ಕೊಳ್ತಿದ್ದರಲ್ಲ, 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಅಂತ, ಹಾಗೆ.

ಆ ಸೀಸನ್ನಿನ ಎರಡನೇ ಮ್ಯಾಚಿನಲ್ಲಿ ಲ್ಯಾನ್ಸ್ ಕಣಕಾಲು ಮುರಿದುಕೊಂಡ. ಡಿಸೆಂಬರ್‌ನಲ್ಲಿ ಜಿಮ್ಮಿ ಗರೋಪೊಲೊ ಪಾದಕ್ಕೆ ಪೆಟ್ಟಾಯಿತು. ಮೂರನೇ ಕುರ್ಚಿಯಲ್ಲಿ ಕೂತಿದ್ದ ಪರ್ಡಿ ಎದ್ದ. ಉಳಿದ ಲೀಗ್ ಮ್ಯಾಚುಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ. ಮುಂದಿನ ಸೀಸನ್‌ಗೆ ಸೂಪರ್ ಬೌಲ್. ಲ್ಯಾನ್ಸ್‌ನ 2023ರಲ್ಲಿ ಒಂದು ನಾಲ್ಕನೇ ಸುತ್ತಿನ ಸರದಿಗೆ ಡಲ್ಲಾಸ್‌ಗೆ ಕೊಟ್ಟುಬಿಟ್ಟರು.

ಆಫೀಸಿನಲ್ಲಿ ಈ ಕಥೆ ಹೇಳೋರೆಲ್ಲ "ನೋಡಿ, ಅಂಕಿ ಅಂಶ ಎಲ್ಲ ಬೊಗಳೆ" ಅಂತ ಮುಗಿಸ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೊನೆಯಲ್ಲಿ ಆಯ್ಕೆಯಾದ ಬಹುಪಾಲು ಹುಡುಗರ ಹೆಸರು ಯಾರಿಗೂ ನೆನಪಿಲ್ಲ. ಇನ್ನು ಲ್ಯಾನ್ಸ್? ಈ ತಂಡಕ್ಕೆ ಅವನು ಶುರುವಿನಿಂದ ಆಡಿದ್ದು ನಾಲ್ಕೇ ಮ್ಯಾಚ್. ಅವನು ನಿಜವಾಗಿ ಎಂಥ ಆಟಗಾರ ಅಂತ ನೋಡೋ ಅವಕಾಶವೇ ಸಿಗಲಿಲ್ಲ. ಪರ್ಡಿ ಬಗ್ಗೆ ಅಷ್ಟೊಂದು ಖಾತ್ರಿ ಇದ್ದಿದ್ದರೆ ಇವರೇ 262ರವರೆಗೆ ಕಾಯ್ತಿದ್ರಾ?

ಟಾಮ್ ಬ್ರೇಡಿದೂ ಇದೇ ಕಥೆ. 2000ದ ಡ್ರಾಫ್ಟ್‌ನಲ್ಲಿ 199ನೇ ಹೆಸರು. 40 ಗಜ ಓಡೋಕೆ 5.28 ಸೆಕೆಂಡ್ ತಗೊಂಡ ನಿಧಾನದ ಹುಡುಗ. ನ್ಯೂ ಇಂಗ್ಲೆಂಡ್‌ನವರು ಅವನನ್ನ ಕಂಡುಹಿಡಿದರು ಅಂತ ಹೊಗಳ್ತಾರೆ. ಆದರೆ ಹಿಂದಿನ ಸುತ್ತುಗಳಲ್ಲಿ ಅವನನ್ನ ಬಿಟ್ಟವರಲ್ಲಿ ಅವರೂ ಇದ್ದರು. ಅವರು ಮಾಡಿದ ಒಳ್ಳೆ ಕೆಲಸ ಬೇರೆ. ಸಾಮಾನ್ಯವಾಗಿ ತಂಡಗಳು ಎರಡೋ ಮೂರೋ ಕ್ವಾರ್ಟರ್‌ಬ್ಯಾಕ್ ಇಟ್ಕೊಳ್ತವೆ, ಅವರು ನಾಲ್ಕು ಜನರನ್ನ ಇಟ್ಕೊಂಡರು. ನಾಲ್ಕನೆಯವನು ಬ್ರೇಡಿ. ಆ ವರ್ಷ ಪೂರ್ತಿ ಅವನು ಎಸೆದದ್ದು ಮೂರು ಪಾಸ್. ಆಮೇಲೆ ಏಳು ಸೂಪರ್ ಬೌಲ್ ಗೆದ್ದ.

ಇಷ್ಟು ಯೋಚಿಸುವಾಗ ನನ್ನದೇ ಒಂದು ಕುರ್ಚಿ ನೆನಪಾಯಿತು. ಸೆಕೆಂಡ್ ಪಿಯುಸಿಯಲ್ಲಿ ನನಗೆ 58 ಪರ್ಸೆಂಟ್. ಕ್ಯಾಂಪಸ್‌ಗೆ ಬಂದ ಕಂಪನಿಗಳೆಲ್ಲ 60ರ ಕಟ್‌ಆಫ್ ಇಟ್ಟಿದ್ದವು. ಒಂದು ದಿನ ಹಾಲ್ ಹೊರಗೆ ನಿಂತಿದ್ದ ನಮ್ಮನ್ನ ಒಂದು ಸಣ್ಣ ಕಂಪನಿಯವರು ಒಳಗೆ ಕರೆದರು. ನಮ್ಮಲ್ಲಿ ಪ್ರತಿಭೆ ಕಂಡು ಅಲ್ಲ. ನಾಲ್ಕು ಕುರ್ಚಿ ಖಾಲಿ ಇದ್ದವು, ಪ್ರಶ್ನೆಪತ್ರಿಕೆ ಉಳಿದಿತ್ತು, ಅಷ್ಟೇ. ನಾಲ್ವರಲ್ಲಿ ನಾನೊಬ್ಬ ಪಾಸಾದೆ.

ಈಗ ಶೀಟ್ ನನ್ನ ಕೈಯಲ್ಲಿ. ಮೊದಲ ಇಬ್ಬರ ಬಗ್ಗೆ ತಕರಾರಿಲ್ಲ, ಅವರು ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ. ನನ್ನನ್ನ ಕಾಡ್ತಿರೋದು ಆರನೇ ಸಾಲಿನ ಹುಡುಗಿ. ಆನ್‌ಲೈನ್ ಟೆಸ್ಟ್‌ನಲ್ಲಿ ಎಲ್ಲರಿಗಿಂತ ಕಡಿಮೆ ಅಂಕ. ನನ್ನ ಇಂಟರ್‌ವ್ಯೂನಲ್ಲಿ ಅವಳ ಪ್ರೋಗ್ರಾಂ ಮಧ್ಯದಲ್ಲಿ ಕೈಕೊಟ್ಟಿತು. ಅವಳು ಗಾಬರಿಯಾಗಲಿಲ್ಲ, ನೆಪ ಹೇಳಲಿಲ್ಲ. "ಒಂದು ನಿಮಿಷ, ನಾನು ಅಂದ್ಕೊಂಡಿದ್ದೇ ತಪ್ಪು" ಅಂತ ಮೊದಲ ಸಾಲಿಗೆ ಹೋಗಿ, ಒಂದೊಂದೇ ನೋಡ್ತಾ ತಪ್ಪು ಹಿಡಿದಳು. ಅಷ್ಟೊತ್ತಿಗೆ ಟೈಮ್ ಮುಗಿದಿತ್ತು. ಶೀಟ್‌ನಲ್ಲಿ ಇದನ್ನ ಬರೆಯೋಕೆ ಕಾಲಮ್ ಇಲ್ಲ. ಅಥವಾ ಅವಳಲ್ಲಿ ನಾನು ನನ್ನ 58 ಪರ್ಸೆಂಟನ್ನೇ ನೋಡ್ತಿದ್ದೀನಾ? ಅದೂ ಇರಬಹುದು.

ಭಾನುವಾರ ರಾತ್ರಿ ಮೊದಲ ಎರಡು ಹೆಸರು ಹಾಗೇ ಕಳಿಸಿದೆ. ಕೆಳಗೆ ಮ್ಯಾನೇಜರ್‌ಗೆ ಇನ್ನೆರಡು ಸಾಲು ಸೇರಿಸಿದೆ: "ಮೂರನೇ ಸೀಟು ಸಿಗತ್ತಾ? ಇವಳ ಬಗ್ಗೆ ನನಗೆ ಖಾತ್ರಿ ಇಲ್ಲ, ಅದಕ್ಕೇ ಕೇಳ್ತಿದೀನಿ."

"ಬಜೆಟ್ ನೋಡಿ ಹೇಳ್ತೀನಿ" ಅಂತ ಉತ್ತರ ಬಂದಿದೆ. ಅಪ್ಪ ದಿನಾ ಸಂಜೆ ಕಾಫಿ ಕುಡೀತಾ ಕೇಳ್ತಾರೆ, "ಆ ಹುಡುಗಿದು ಏನಾಯ್ತೋ?"