ಅಡುಗೆಮನೆಯ ಕಾಗುಣಿತ

ಓದು ಬಲ್ಲ ದೊಡ್ಡವರಿಗೆ ಆ ಓದು ತಮಗೆ ಯಾವಾಗ, ಹೇಗೆ ಕೈಹಿಡಿಯಿತೆಂಬುದು ನೆನಪಿರುವುದಿಲ್ಲ. ಆದ್ದರಿಂದಲೇ ಅದೇ ದಾರಿ ಹಿಡಿದ ಮಗುವಿನ ಹೆಗಲ ಮೇಲಿರುವ ಕೆಲಸ ಎಷ್ಟು ದೊಡ್ಡದೆಂಬುದು ಅವರ ಅಂದಾಜಿಗೆ ಸಿಗುವುದಿಲ್ಲ. ಗೋಡೆಗೆ ತೂಗುಹಾಕಿದ ವರ್ಣಮಾಲೆಯ ಪಟದಲ್ಲಿ ಇರುವುದು 13 ಸ್ವರ, 34 ವ್ಯಂಜನ, ಅನುಸ್ವಾರ ಮತ್ತು ವಿಸರ್ಗಗಳೆಂಬ 2 ಯೋಗವಾಹ, ಒಟ್ಟು 49 ಅಕ್ಷರ ಮಾತ್ರ. ಆದರೆ ಪುಸ್ತಕದ ಪುಟದಲ್ಲಿ ಮಗುವಿಗೆ ಎದುರಾಗುವುದು ಆ ಪಟದ ಅಕ್ಷರಗಳಲ್ಲ. ಒಂದೊಂದು ವ್ಯಂಜನವೂ ಕಾಗುಣಿತದಲ್ಲಿ, ಅಂದರೆ ಇಳಿ, ಗುಡಿಸು, ಕೊಂಬು, ಎತ್ವ, ಓತ್ವ ಮೊದಲಾದ ಸ್ವರಚಿಹ್ನೆಗಳನ್ನು ಹೊತ್ತು ರೂಪ ಬದಲಿಸುತ್ತ ಹೋಗುವ ಸಾಲಿನಲ್ಲಿ, 15 ವೇಷ ತೊಡುತ್ತದೆ. 34 ವ್ಯಂಜನಗಳ ಲೆಕ್ಕದಲ್ಲಿ ಅದು 510 ರೂಪಗಳಾಗುತ್ತದೆ. ಅದರ ಮೇಲೆ, ಒಂದು ವ್ಯಂಜನದ ಬುಡಕ್ಕೆ ಇನ್ನೊಂದು ಬಂದು ಕೂರುವ ಒತ್ತಕ್ಷರಗಳು ಬೇರೆ. ಇಂಗ್ಲಿಷಿನ 26 ಅಕ್ಷರಗಳನ್ನು ಆರು ತಿಂಗಳಲ್ಲಿ ಒಪ್ಪಿಸಿದ ಮಗು ಕನ್ನಡದಲ್ಲಿ ಮಾತ್ರ ತಡವರಿಸುತ್ತದೆಂದು ಹಲುಬುವ ತಂದೆತಾಯಂದಿರು ಮೊದಲು ಗಮನಿಸಬೇಕಾದದ್ದು ಈ ಲೆಕ್ಕವನ್ನು.

ಈ ನಿಧಾನ ಲಿಪಿಯ ಸ್ವಭಾವಕ್ಕೆ ತಕ್ಕದ್ದೇ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ಬೆಂಗಳೂರಿನಲ್ಲಿ ಕನ್ನಡದ ಎಳೆಯ ಓದುಗರನ್ನು ಕುರಿತು ಕೆಲಸ ಮಾಡಿದ ಮನೋವಿಜ್ಞಾನಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಪೂರ್ಣ ಪರಿಚಯವು ಕನ್ನಡದ ಮಕ್ಕಳಿಗೆ ಮೊದಲ ವರ್ಷದಲ್ಲೇ ಮುಗಿಯದೆ ಮುಂದಿನ ತರಗತಿಗಳಿಗೂ ಹಬ್ಬುತ್ತದೆಂದೂ, ಮಾತನ್ನು ಅಕ್ಷರದಷ್ಟು ಅಗಲದ ತುಂಡುಗಳಾಗಿ ಒಡೆಯುವ ಕಿವಿ ಅವರಿಗೆ ಬೇಗ ಬಂದರೂ ಅದಕ್ಕಿಂತ ಸಣ್ಣದಾದ ಧ್ವನಿಮಾವನ್ನು, ಅಂದರೆ 'ಕಿ' ಎಂಬಲ್ಲಿ ಅಡಗಿರುವ 'ಕ್' ಮತ್ತು 'ಇ' ಎಂಬ ಎರಡು ಬಿಡಿ ಧ್ವನಿಗಳನ್ನು, ಬೇರೆಬೇರೆಯಾಗಿ ಗುರುತಿಸುವ ಶಕ್ತಿ ನಿಧಾನವಾಗಿ ಬೆಳೆಯುತ್ತದೆಂದೂ ತೋರಿಸಿತು. ಇಂಗ್ಲಿಷಿಗಾಗಿ ಹುಟ್ಟಿದ ಫೋನಿಕ್ಸ್ ಪದ್ಧತಿಯು ಬಿಡಿ ಧ್ವನಿಯಿಂದ ಹೊರಡುತ್ತದೆ. ಕನ್ನಡದ ಮಗು ಹೊರಡುವುದು ಅಕ್ಷರದಿಂದ. ಮನೆಯಲ್ಲಿ ಆಡಿಸುವ ಓದಿನ ಆಟಗಳು ಈ ವ್ಯತ್ಯಾಸವನ್ನು ಅರಿತು ಹುಟ್ಟಿದವಾದರೆ ಮಾತ್ರ ಫಲ ಕೊಡುತ್ತವೆ.

ಮನೆಯನ್ನು ಎರಡನೆಯ ಶಾಲೆಯಾಗಿಸುವುದು ಇಲ್ಲಿನ ಉದ್ದೇಶವಲ್ಲ. ಸಂಜೆ ಶಾಲೆಯಿಂದ ದಣಿದು ಬಂದ ಐದು ವರ್ಷದ ಮಗುವನ್ನು ಮತ್ತೆ ಕಾಪಿ ಪುಸ್ತಕದ ಮುಂದೆ ಕೂರಿಸಿ ಒಂದೇ ಅಕ್ಷರವನ್ನು ಪುಟ ತುಂಬ ತಿದ್ದಿಸುವುದರಿಂದ ಮಗುವಿಗೆ ಅಕ್ಷರದ ಮೇಲೆ ಬೇಸರ ಹುಟ್ಟುವುದೇ ಹೆಚ್ಚು. ಶಾಲೆಗೆ ಸಾಧ್ಯವಾಗದ್ದನ್ನು ಮನೆ ಮಾಡಬಲ್ಲದು: ಒಂದು ಮಗುವಿಗೆ ಒಬ್ಬ ದೊಡ್ಡವರು, ದಿನವಿಡೀ ಹರಿಯುವ ಮಾತು, ಮುಟ್ಟಿ ಮೂಸಿ ತಿಂದು ನೋಡಬಹುದಾದ ವಸ್ತುಗಳು, ಪರೀಕ್ಷೆಯ ಭಯವಿಲ್ಲದ ಬಿಡುವು, ಇವೆಲ್ಲ ಮನೆಯಲ್ಲಿ ತಾವಾಗಿಯೇ ಇರುತ್ತವೆ.

ಓದು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಶುರುವಾಗುವುದರಿಂದ, ಪುಸ್ತಕ ತೆರೆಯುವ ಮುನ್ನವೇ ಆಡಬಹುದಾದ ಆಟಗಳು ಬಹಳ. ಮನೆಯವರ ಹೆಸರುಗಳನ್ನು ಚಪ್ಪಾಳೆಗೆ ಒಡೆಯುವುದು ಅವುಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು: ಕಮಲ ಮೂರು ಚಪ್ಪಾಳೆ, ಬೆಂಗಳೂರು ನಾಲ್ಕು, ಅಕ್ಕ ಎರಡು. ಈ ಕೊನೆಯ ಪದದಲ್ಲಿ ಒಂದು ಸೂಕ್ಷ್ಮವಿದೆ. ಬಾಯಿ ಅದನ್ನು 'ಅಕ್' ಎಂದು ತಡೆದು 'ಕ' ಎಂದು ಬಿಡುತ್ತದೆ, ಲಿಪಿಯಾದರೋ 'ಅ' ಎಂದು ಬರೆದು ಮುಂದೆ 'ಕ್ಕ' ಎಂದು ಕೂಡಿಸುತ್ತದೆ. ಎಣಿಕೆ ಒಂದೇ ಆದರೂ ಒಡೆಯುವ ಜಾಗ ಬೇರೆ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಎಂದು ಎಣಿಸುವ ಛಂದಸ್ಸಿನ ನಿಯಮವು ಬಾಯಿಯ ಈ ತಡೆಯನ್ನು ಎಂದೋ ಕಂಡುಕೊಂಡಿತ್ತು. ಮಗುವಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಒತ್ತಕ್ಷರ ಬರೆಯುವಾಗ ಅದು ಯಾಕೆ ಒತ್ತನ್ನು ಬಿಟ್ಟು 'ಅಕ' ಎಂದು ಬರೆಯುತ್ತದೆಂಬುದು ದೊಡ್ಡವರಿಗೆ ತಿಳಿದಿದ್ದರೆ ಗದರುವ ಮನಸ್ಸು ಬರಲಾರದು. ಒಂದು ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಹುಡುಕುವ ಅಂತ್ಯಾಕ್ಷರಿಯಂತೂ ಬಸ್ಸಿನಲ್ಲಿ, ಊಟದ ಸಾಲಿನಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ ಸಲ್ಲುವ ಆಟ, ಅದಕ್ಕೆ ಒಂದು ಕಾಗದದ ಚೂರೂ ಬೇಡ.

ಕಿವಿಯ ಆಟ ಅಕ್ಷರದ ಆಟಕ್ಕೆ ತಿರುಗಲು ಅಡುಗೆಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 'ಬೆ' ಎಂಬ ಅಕ್ಷರದಿಂದ ಶುರುವಾಗುವುದನ್ನೆಲ್ಲ ತಂದು ಮಣೆಯ ಮೇಲಿಡು ಎಂದರೆ ಬೆಲ್ಲ, ಬೆಣ್ಣೆ, ಬೆಂಡೆಕಾಯಿ, ಬೆಳ್ಳುಳ್ಳಿ ಒಂದೊಂದಾಗಿ ಬರುತ್ತವೆ. ಬೇಳೆಯ ಡಬ್ಬವನ್ನೂ ಎತ್ತಿಕೊಂಡು ಬಂದ ಮಗುವಿಗೆ ಅಲ್ಲಿಯೇ ಹ್ರಸ್ವ ದೀರ್ಘಗಳ ಭೇದ, ಅಂದರೆ ಸ್ವರವನ್ನು ಮೊಟಕಾಗಿ ನುಡಿಯುವುದಕ್ಕೂ ಎಳೆದು ನುಡಿಯುವುದಕ್ಕೂ ಇರುವ ಅಂತರ, ನಾಲಿಗೆಯ ಮೇಲೆ ಸಿಗುತ್ತದೆ. ಇನ್ನೊಂದು ದಿನ ಬಕಾರದ ಕಾಗುಣಿತವನ್ನೇ ಹುಡುಕಲು ಹೊರಡಬಹುದು: ಬದನೆಕಾಯಿ, ಬಾಳೆಹಣ್ಣು, ಬಿಸಿನೀರು, ಬೀನ್ಸು, ಬುತ್ತಿ, ಬೂದುಗುಂಬಳ, ಬೆಲ್ಲ, ಬೇಳೆ, ಬೋಂಡ. ತಲೆಕಟ್ಟಿನಿಂದ ಓತ್ವದವರೆಗಿನ ಸಾಲು ಹೀಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಕಪಾಟಿನಿಂದಲೇ ಇಳಿದುಬರುತ್ತದೆ. ಐತ್ವ, ಔತ್ವಗಳಿಗೆ ಅಡುಗೆಮನೆ ಉತ್ತರ ಕೊಡದಿದ್ದರೆ ಚಿಂತೆಯಿಲ್ಲ, ಅವು ಪುಸ್ತಕದಲ್ಲಿ ಎದುರಾಗುವ ತನಕ ಕಾಯಬಹುದು. ಹಳೆಯ ಕೂಲಿಮಠಗಳಲ್ಲಿ ಕಾಗುಣಿತವನ್ನು ರಾಗವಾಗಿ ಕೂಗಿ ಬಾಯಿಪಾಠ ಮಾಡುತ್ತಿದ್ದ ಕ್ರಮಕ್ಕೂ ಅದರದೇ ಬೆಲೆಯಿದೆ. ಕೂಗಿದ ಆ ರೂಪಗಳಿಗೆ ಒಂದೊಂದು ವಸ್ತು, ಒಂದೊಂದು ರುಚಿ ಅಂಟಿಕೊಂಡಾಗ ಅವು ಅರ್ಥವಿಲ್ಲದ ಗದ್ದಲವಾಗಿ ಉಳಿಯುವುದಿಲ್ಲ.

ಶಾಲೆಯ ಕ್ರಮದಲ್ಲಿ ಒತ್ತಕ್ಷರದ ಸರದಿ ಕೊನೆಗೆ ಬರುತ್ತದೆ. ತರಗತಿಯ ದೃಷ್ಟಿಯಿಂದ ಅದು ಸರಿಯೇ, ಆದರೆ ಮಗುವಿನ ಬದುಕಿನಲ್ಲಿ ಎಲ್ಲಕ್ಕಿಂತ ಪ್ರಿಯವಾದ ಪದಗಳು ಬಹುಮಟ್ಟಿಗೆ ಒತ್ತಕ್ಷರದವೇ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ. ಈ ಏಳು ಪದಗಳನ್ನು ಏಳು ಚೀಟಿಗಳಲ್ಲಿ ದಪ್ಪಗೆ ಬರೆದು ಊಟದ ತಟ್ಟೆಯ ಪಕ್ಕ ಯಾರ ಜಾಗ ಯಾವುದೆಂದು ಇಡಲು ಮಗುವಿಗೆ ವಹಿಸಿದರೆ, ನಿಯಮ ಕಲಿಯದೆಯೂ ಅದು ಚೀಟಿಗಳನ್ನು ಒಂದೆರಡು ವಾರದಲ್ಲಿ ಚಿತ್ರದಂತೆ ಗುರುತಿಸತೊಡಗುತ್ತದೆ. ಆಮೇಲೆ ಕಣ್ಣು ಸೂಕ್ಷ್ಮವಾಗುತ್ತದೆ. ಅಜ್ಜ, ಅಣ್ಣ ಎಂಬಲ್ಲಿ ಮೇಲಿನ ಅಕ್ಷರವೇ ಚಿಕ್ಕದಾಗಿ ಕೆಳಗೂ ಕೂತಿದೆ; ಅಕ್ಕ, ಅಪ್ಪ ಎಂಬಲ್ಲಿ ಕೆಳಗಿನದು ತನ್ನ ತಲೆಕಟ್ಟನ್ನು ಕಳಚಿಟ್ಟಿದೆ; ಅಮ್ಮ, ಅತ್ತೆ ಎಂಬಲ್ಲಿ ಮಾತ್ರ ಒತ್ತಿನ ಆಕಾರ ಮೂಲಕ್ಕೆ ಹೋಲುವುದೇ ಇಲ್ಲ. ಈ ಮೂರು ಬಗೆಗಳನ್ನು ಬೇರ್ಪಡಿಸಿ ಗುಂಪು ಮಾಡುವುದೇ ಒಂದು ಆಟ, ಮತ್ತು ಅಮ್ಮನ ಒತ್ತು ಯಾಕೆ ಹಾಗಿದೆ ಎಂಬ ಪ್ರಶ್ನೆಯನ್ನು ಮಗು ತಾನಾಗಿ ಕೇಳಿದ ದಿನ ಅದು ಲಿಪಿಯನ್ನು ನಿಜವಾಗಿ ನೋಡಲು ತೊಡಗಿದೆ ಎಂದರ್ಥ. ಸೂರ್ಯ ಎಂಬ ಪದದ ಅರ್ಕಾವೊತ್ತು, ಅಂದರೆ ಉಚ್ಚಾರಣೆಯಲ್ಲಿ ಯಕಾರಕ್ಕಿಂತ ಮೊದಲು ಬರುವ ರಕಾರವನ್ನು ಬರಹದಲ್ಲಿ ಅದರ ನಂತರ ತೋರಿಸುವ ಗುರುತು, ಕಿವಿ ಒಂದು ಕ್ರಮ ಹೇಳುವಾಗ ಕಣ್ಣಿಗೆ ಇನ್ನೊಂದು ಕ್ರಮ ಕಾಣಿಸುವ ತೊಡಕಿನದು. ಅದನ್ನು ಅವಸರಪಡಿಸದಿರುವುದೇ ಲೇಸು.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಪರಿಚಯಿಸಬೇಕೆಂಬ ವಿಷಯದಲ್ಲಿ ಕರ್ನಾಟಕದ ಶಾಲೆಗಳು ಒಳ್ಳೆಯ ದಾರಿಯನ್ನು ಕಂಡುಕೊಂಡಿವೆ, ಮನೆಯೂ ಅದನ್ನು ಎರವಲು ಪಡೆಯಬಹುದು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಸ್ಫೂರ್ತಿ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯು ಹಾಡು, ಕಾರ್ಡು, ಆಟಗಳ ಮೂಲಕ ಮಗು ತನ್ನ ವೇಗದಲ್ಲಿ ಮುಂದುವರಿಯುವುದನ್ನು ಒಪ್ಪಿಕೊಂಡಿತು. ರಾಜ್ಯದ ಶಾಲೆಗಳಲ್ಲಿ ಅಕ್ಷರ ಕಲಿಕೆ ಅಆಇಈ ಎಂಬ ಸಾಲಿನಿಂದಲ್ಲದೆ ರ, ಗ, ಸ, ದ, ಅ ಎಂಬ ಐದರಿಂದ ಶುರುವಾಗುತ್ತದೆ. ಬರೆಯಲು ಸುಲಭವಾದ, ಒಂದರಿಂದ ಇನ್ನೊಂದಕ್ಕೆ ರೂಪ ಹೊಂದುವ ಈ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಎಂದು ಮಗು ನಿಜವಾದ ಪದಗಳನ್ನೇ ಓದಬಲ್ಲದು. ಮುಂದಿನ ಜ, ವ, ಮ, ಬ, ನ ಎಂಬ ಗುಂಪು ಸೇರಿದಾಗ ಮರ, ವನ, ಜನ, ಬಸವ ಬರುತ್ತವೆ. ಸ್ವರಗಳ ಸಾಲನ್ನೆಲ್ಲ ಕಲಿತು ಮುಗಿಸಿದ ಮೇಲೂ ಓದಲು ಒಂದೆರಡು ಪದ ಸಿಗದ ಹಳೆಯ ಕ್ರಮಕ್ಕಿಂತ, ಮೊದಲ ವಾರದಲ್ಲೇ 'ಗರಗಸ' ಎಂದು ಓದಿ ಬೀಗುವ ಮಗುವಿನ ಸುಖ ದೊಡ್ಡದು. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳೊಳಗೆ ಈ ಅಕ್ಷರಗಳನ್ನು ಸೀಮೆಸುಣ್ಣದಲ್ಲಿ ಬರೆದು, ಕುಂಟಿದ ಮನೆಗಳನ್ನು ಸೇರಿಸಿ ಪದ ಹೇಳಬೇಕೆಂದರೆ ಅದೇ ಆಟ ಓದಾಗುತ್ತದೆ. ವಿಜಯದಶಮಿಯ ದಿನ ಹರಿವಾಣದ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸುವ ಸಂಪ್ರದಾಯದಲ್ಲಿ ಒಂದು ಶಾಸ್ತ್ರೀಯ ವಿವೇಕವೂ ಇದೆ, ಏಕೆಂದರೆ ಪೆನ್ಸಿಲ್ ಹಿಡಿಯುವಷ್ಟು ಬಲಿಯದ ಬೆರಳಿಗೆ ಅಕ್ಕಿ, ಮರಳು, ರಂಗೋಲಿ ಪುಡಿ ತಡೆಯೊಡ್ಡದೆ ದಾರಿ ಬಿಡುತ್ತವೆ. ದುಃಖದ ಸಂಗತಿಯೆಂದರೆ ಹೆಚ್ಚಿನ ಮನೆಗಳಲ್ಲಿ ಆ ಹರಿವಾಣ ಮರುದಿನವೇ ಕಪಾಟು ಸೇರುತ್ತದೆ. ಹುಣಸೆಬೀಜಗಳನ್ನು ಸಾಲಾಗಿ ಜೋಡಿಸಿ ಅಕ್ಷರ ಮಾಡುವುದು, ಒದ್ದೆ ಬೆರಳಿನಿಂದ ಕಡಪ ಕಲ್ಲಿನ ಮೇಲೆ ಬರೆದು ಅದು ಆರುವುದರೊಳಗೆ ಓದುವುದು, ರೊಟ್ಟಿಯ ಹಿಟ್ಟನ್ನು ಹೊಸೆದು ಬಕಾರದ ಹೊಟ್ಟೆಯನ್ನು ಸೀಳಿ ಭಕಾರ ಮಾಡುವುದು, ಇವೆಲ್ಲ ಅದರ ಮುಂದುವರಿಕೆಯೇ.

ಅಚ್ಚಾದ ಅಕ್ಷರ ಮನೆಗೆ ಪುಸ್ತಕವಾಗಿಯೇ ಬರಬೇಕೆಂದಿಲ್ಲ. ಕರ್ನಾಟಕದ ಲಕ್ಷಾಂತರ ಮನೆಗಳ ಬಾಗಿಲಿಗೆ ಬೆಳಗಾಗುವ ಮುನ್ನ ಬರುವ ಹಾಲಿನ ಪೊಟ್ಟಣದ ಮೇಲೆ 'ನಂದಿನಿ' ಎಂಬ ಮೂರಕ್ಷರದ ಪದವಿದೆ. ಅದನ್ನು ದಿನವೂ ಕೈಯಲ್ಲಿ ಹಿಡಿಯುವ ಮಗುವಿಗೆ ಮೊದಲ ಮತ್ತು ಕೊನೆಯ ಅಕ್ಷರದಲ್ಲಿ ಒಂದೇ ನಕಾರವಿದೆಯೆಂದೂ, ಒಂದರ ಪಕ್ಕದಲ್ಲಿ ಸೊನ್ನೆ, ಇನ್ನೊಂದರ ತಲೆಯ ಮೇಲೆ ಗುಡಿಸು ಇದೆಯೆಂದೂ, ನಡುವಿನ ದಕಾರವೂ ಅದೇ ಗುಡಿಸನ್ನು ಹೊತ್ತಿದೆಯೆಂದೂ ಬೆರಳಿಟ್ಟು ತೋರಿಸಿದರೆ, ಕಾಗುಣಿತವೆಂಬುದು ಬಿಡಿ ಚಿಹ್ನೆಗಳ ಕೂಟವೆಂಬ ತಿಳಿವಳಿಕೆ ಒಂದೇ ಪದದಲ್ಲಿ ದಕ್ಕುತ್ತದೆ. ಗೋಡೆಯ ಕ್ಯಾಲೆಂಡರು, ಸಾರಿಗೆ ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಅಂಗಡಿಯ ಬೋರ್ಡು ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಇಷ್ಟಾದರೂ ಈ ಆಟಗಳೆಲ್ಲ ಸೇರಿ ಮಗುವಿಗೆ ಕಲಿಸುವುದು ಅಕ್ಷರಗಳನ್ನು ಬಿಡಿಸುವುದನ್ನು ಮಾತ್ರ. ಬಿಡಿಸಿದ ಪದ ಮಗುವಿನ ಮಾತಿನಲ್ಲಿ ಇಲ್ಲದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಕನ್ನಡದಲ್ಲಿ ಈ ತೊಡಕು ಚಿಕ್ಕದಲ್ಲ, ಏಕೆಂದರೆ ಬರಹದ ಕನ್ನಡ ಯಾರ ಮನೆಯ ಮಾತೂ ಅಲ್ಲ. ಮೈಸೂರಿನ ಮಗು 'ಮಾಡ್ತಾನೆ' ಎನ್ನುತ್ತದೆ, ಧಾರವಾಡದ ಮಗು 'ಮಾಡ್ತಾನ' ಎನ್ನುತ್ತದೆ, ಪುಸ್ತಕ ಮಾತ್ರ ಇಬ್ಬರಿಗೂ 'ಮಾಡುತ್ತಾನೆ' ಎನ್ನುತ್ತದೆ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಆಗಿರುವ ಮಗುವಿಗೆ ಅಂತರ ಇನ್ನೂ ಹೆಚ್ಚು. ಈ ಅಂತರವನ್ನು ಮುಚ್ಚಲು ಗಟ್ಟಿಯಾಗಿ ಓದಿ ಹೇಳುವುದನ್ನು ಬಿಟ್ಟರೆ ಬೇರೆ ಉಪಾಯವಿಲ್ಲವೆಂದೇ ಹೇಳಬೇಕು. ಮಲಗುವ ಮುನ್ನ ದೊಡ್ಡವರು ಪುಸ್ತಕದ ಸಾಲನ್ನು ಇದ್ದಂತೆಯೇ ಓದಿ, ಆಮೇಲೆ ಅದನ್ನೇ ಮನೆಯ ಮಾತಿನಲ್ಲಿ ಹೇಳುತ್ತ ಹೋದರೆ, ಪುಸ್ತಕದ ಕನ್ನಡಕ್ಕೆ ಮಗುವಿನ ಕಿವಿ ಮೊದಲೇ ಹೊಂದಿಕೊಂಡಿರುತ್ತದೆ, ಮುಂದೆ ತಾನೇ ಓದುವಾಗ 'ಮಾಡುತ್ತಾನೆ' ಎಂಬುದು ಹೊಸಬನಾಗಿ ಎದುರು ನಿಲ್ಲುವುದಿಲ್ಲ.

ಓದಿ ಹೇಳಲು ಸಾಮಗ್ರಿಯ ಕೊರತೆ ಕನ್ನಡಕ್ಕಿಲ್ಲ. ಶಿಕ್ಷಕರಾಗಿಯೂ ಶಾಲಾ ಇನ್ಸ್‌ಪೆಕ್ಟರರಾಗಿಯೂ ಮಕ್ಕಳನ್ನು ಹತ್ತಿರದಿಂದ ಕಂಡ ಪಂಜೆ ಮಂಗೇಶರಾಯರು (1874–1937) ಬರೆದ ಪದ್ಯ ಮತ್ತು ಕಥೆಗಳು, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಬ್ರೌನಿಂಗ್ ಕವಿಯ ಕಥನಕವನವನ್ನು ಕುವೆಂಪು ಕನ್ನಡದ್ದೇ ಮಾಡಿಕೊಂಡ 'ಬೊಮ್ಮನಹಳ್ಳಿಯ ಕಿಂದರಿಜೋಗಿ', ಇವುಗಳಲ್ಲಿ ಪ್ರಾಸ ಮತ್ತು ಪುನರುಕ್ತಿ ಹೇರಳವಾಗಿರುವುದರಿಂದ ಮುಂದಿನ ಪದವನ್ನು ಮಗು ಬಾಯಲ್ಲೇ ಊಹಿಸುತ್ತದೆ. ಓದುವವರು ಸಾಲಿನ ಕೊನೆಯಲ್ಲಿ ಬೇಕೆಂದೇ ತಡೆದು ನಿಂತರೆ ಪ್ರಾಸಪದವನ್ನು ಕೂಗಿ ಹೇಳುವ ಸಂಭ್ರಮ ಅದರದಾಗುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಪುಟಕ್ಕೊಂದೆರಡು ಸಾಲಿನಿಂದ ಹಿಡಿದು ಮಟ್ಟಮಟ್ಟವಾಗಿ ಏರುವ ಚಿತ್ರಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಟ್ಟಿದೆ, 2015ರಲ್ಲಿ ಅದು ತೆರೆದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಕಥೆಗಳನ್ನು ಉಚಿತವಾಗಿ ಓದಬಹುದು. ಹೊರದೇಶಗಳಲ್ಲಿರುವ ಕನ್ನಡದ ಮನೆಗಳಿಗೆ ಇದು ದೊಡ್ಡ ಅನುಕೂಲ. ಒಂದೇ ಕಥೆಯನ್ನು ಊರಿನಲ್ಲಿ ಅಜ್ಜಿಯೂ ಅಲ್ಲಿ ಮೊಮ್ಮಗುವೂ ತೆರೆದಿಟ್ಟುಕೊಂಡು, ವಿಡಿಯೋ ಕರೆಯಲ್ಲಿ ಒಂದು ಪುಟ ಅವರು ಇನ್ನೊಂದು ಪುಟ ಇದು ಎಂದು ಓದಬಹುದು.

ತಪ್ಪುಗಳ ವಿಷಯದಲ್ಲಿ ದೊಡ್ಡವರಿಗೆ ಸಹನೆ ಬೇಕು, ಅದಕ್ಕಿಂತ ಹೆಚ್ಚಾಗಿ ಆ ತಪ್ಪು ಎಲ್ಲಿಂದ ಹುಟ್ಟಿತೆಂಬ ಕುತೂಹಲ ಬೇಕು. 'ಭಾರತ'ವನ್ನು ಮಗು 'ಬಾರತ' ಎಂದು ಓದಿದರೆ ಅದು ಸುತ್ತಲಿನವರ ಮಾತನ್ನೇ ಓದುತ್ತಿದೆ, ಏಕೆಂದರೆ ಮಹಾಪ್ರಾಣ, ಅಂದರೆ ಉಸಿರೊತ್ತಿ ಹೇಳುವ ಧ್ವನಿ, ದಿನಬಳಕೆಯ ಕನ್ನಡದಲ್ಲಿ ಬಹುಪಾಲು ಕೇಳಿಸುವುದೇ ಇಲ್ಲ. 'ಹಾಲು' ಎಂಬುದನ್ನು 'ಆಲು' ಎನ್ನುವ ಮನೆಯ ಮಗುವಿಗೂ ಇದೇ ಮಾತು ಸಲ್ಲುತ್ತದೆ. ಗ-ರ, ಪ-ಷ, ಥ-ಧಗಳನ್ನು ಅದಲುಬದಲು ಮಾಡಿದರೆ ಎಡವಿದ್ದು ಕಣ್ಣು, ಅದಕ್ಕೆ ಅಕ್ಕಿಯ ಹರಿವಾಣವೇ ಮದ್ದು. ಚಿತ್ರ ನೋಡಿ 'ಮೊಲ' ಎಂದಿರುವಲ್ಲಿ 'ಬಿಳಿ ಮೊಲ' ಎಂದು ಓದಿದರೆ ಮಗು ಅರ್ಥವನ್ನು ಹಿಂಬಾಲಿಸುತ್ತಿದೆಯೆಂದು ಸಂತೋಷಪಟ್ಟು, 'ಬಿಳಿ' ಎಂಬುದು ಈ ಸಾಲಿನಲ್ಲಿ ಎಲ್ಲಿದೆ ಹುಡುಕು ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅದರ ಬೆರಳು ಮಾಡುತ್ತದೆ. ಆದರೆ ಏಳೆಂಟು ವರ್ಷ ತುಂಬಿ, ಕಥೆ ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಚುರುಕಾಗಿದ್ದೂ, ಸಾಕಷ್ಟು ಕಲಿಸಿದ ಮೇಲೂ ಸರಳ ಅಕ್ಷರಗಳೇ ಮಗುವಿಗೆ ನೆನಪಿನಲ್ಲಿ ನಿಲ್ಲದಿದ್ದರೆ ಅದನ್ನು ಸೋಮಾರಿತನವೆಂದು ಬಯ್ಯಬಾರದು. ಕಣ್ಣು ಕಿವಿಗಳನ್ನು ಪರೀಕ್ಷೆ ಮಾಡಿಸಿ, ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದನ್ನು ಮಾತ್ರ ಕಷ್ಟವಾಗಿಸುವ ಕಲಿಕೆಯ ತೊಂದರೆ, ಇದೆಯೇ ಎಂದು ತಜ್ಞರಿಂದ ತಿಳಿದುಕೊಳ್ಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆ ಇಂಥ ತಪಾಸಣೆಯ ವ್ಯವಸ್ಥೆಯಿದೆ. ಅಂಥ ಮಗುವಿಗೂ ಮನೆಯ ಆಟಗಳು ನಿಲ್ಲಬೇಕಿಲ್ಲ, ರಾತ್ರಿಯ ಕಥೆಯಂತೂ ನಿಲ್ಲಲೇಬಾರದು, ಏಕೆಂದರೆ ಕಣ್ಣಿನ ದಾರಿ ಕಷ್ಟವಾದ ಮಗುವಿಗೆ ಪುಸ್ತಕದೊಳಗಿನ ಲೋಕ ಅಷ್ಟು ದಿನ ಕಿವಿಯ ದಾರಿಯಿಂದಲೇ ತಲುಪಬೇಕಾಗಿರುತ್ತದೆ.